ಆಯಿಯ ಧಾರೆ ಸೀರೆ

ನಮ್ಮ ಕಡೆ ಆಗ ಹೆಣ್ಣು ಸಿಗದೆ ನಲವತ್ತರ ಹತ್ತಿರ ಬಂದ ಗಂಡುಗಳು ಊರಿಗೆ ಇಬ್ಬರು ಮೂವರಾದರೂ ಇರುತ್ತಿದ್ದರು. ವಿಧವೆಯ ಮದುವೆ ಎಂದರೆ ಮುಖ ಸಿಂಡರಿಸುತ್ತಿದ್ದ ಹಿರಿಯರೇ ಮುಂದೆ ನಿಂತು ಜಾತಕ ಹೊಂದಿಸುವ ಕಾಲ ಬಂದಿತ್ತು. ಅದು ಸುಧಾರಣೆಯೋ ಗತಿಗೇಡೋ ಎಂದು ನಾನು ಹೇಳಲಾರೆ. ಅದರಿಂದ ನನ್ನ ತಾಯಿಗೆ ಮದುವೆಯಾಯಿತು, ಅಷ್ಟೇ.

ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ನಾವಿಬ್ಬರೂ ನಂದೊಳ್ಳಿಯಲ್ಲಿ ಅಮ್ಮಮ್ಮನ ಮನೆಯಲ್ಲಿದ್ದೆವು. ನನಗೆ ಹತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ ಅಮ್ಮಮ್ಮ ನನ್ನ ಜೊತೆ ಚೆನ್ನೆಮಣೆ ಆಡುತ್ತಾ, ಕಾಯಿ ಹಾಕುವ ಕೈ ನಿಲ್ಲಿಸದೆ ಹೇಳಿದಳು.

"ಕೂಸೆ, ಆಯಿಗೆ ಮದುವೆ ಮಾಡ್ತ. ವಾನಳ್ಳಿಗೆ. ನೀ ಎಂತೂ ಹಠ ಮಾಡಡ."

"ಆನು?" ನಾನೆಲ್ಲಿರುವುದು ಎಂದು ಕೇಳಿದೆ.

"ನಿಂಗೆ ಶಾಲೆ ಇದ್ದಲೆ. ಇಲ್ಲೇ ಇರು. ರಜೆಲಿ ಹೋಗ್ಲಕ್ಕು."

ನಾನು ಹಠ ಮಾಡಲಿಲ್ಲ. ಆ ಆಟ ಗೆದ್ದೆ ಕೂಡ. ಅಂದಿನಿಂದ ಆಯಿಯ ಜೊತೆ ಮಾತು ಬಿಟ್ಟೆ. ಸಿಟ್ಟಿನಿಂದ ಬಿಟ್ಟದ್ದಲ್ಲ, ಹೇಳಲು ಏನೂ ತೋಚುತ್ತಿರಲಿಲ್ಲ. ಊಟಕ್ಕೆ ಕರೆದರೆ ಹೋಗಿ ಕೂರುತ್ತಿದ್ದೆ. ಇಷ್ಟದ ಮಾವಿನಕಾಯಿ ಅಪ್ಪೆಹುಳಿಯನ್ನೂ ಬಿಸಿನೀರಿನಂತೆ ಕುಡಿದು ಏಳುತ್ತಿದ್ದೆ. ಜಡೆ ಹಾಕಲು ಬಂದರೆ ತಲೆ ಕೊಡುತ್ತಿದ್ದೆ. ಜಡೆ ಮುಗಿದರೂ ಅವಳ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು.

ಗಂಡಿನ ಕಡೆಯವರು ಧಾರೆ ಸೀರೆಯನ್ನು ಹುಡುಗಿಯೇ ನೋಡಿಕೊಳ್ಳಲಿ ಎಂದಿದ್ದರು. ಮದುವೆಗೆ ವಾರವಿರುವಾಗ ಆಯಿ, ಮಾವನ ಹೆಂಡತಿಯಾದ ಅತ್ತೆ ಮತ್ತು ನಾನು ಶಿರಸಿಗೆ ಹೋದೆವು. ನನ್ನನ್ನು ಏಕೆ ಕರೆದೊಯ್ದರೋ ಗೊತ್ತಿಲ್ಲ. ಅಂಗಡಿಯಲ್ಲಿ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಊದುಬತ್ತಿಯ ಹೊಗೆ. ಸೀರೆ ತೋರಿಸುವವರು ಹಾವೇರಿ ಕಡೆಯವರು, ಧಾರೆ ಸೀರೆ ಎಂದೊಡನೆ ಕೇಳಿದರು.

"ಬರ್ರಿ, ಕುಂದರ್ರಿ. ಮದುಮಗಳು ಎಲ್ಲಿ ಅದಾರ್ರಿ?"

ಆಯಿ ನೆಲ ನೋಡಿದಳು. ಅತ್ತೆ ತಡಮಾಡಲಿಲ್ಲ. "ಎನ್ನ ನಾದಿನಿಗೆ. ಬಣ್ಣ ಇವಳದ್ದೇ, ಎತ್ತರನೂ ಇವಳದ್ದೇ. ಇವಳ ಮೈಮೇಲೇ ಹಾಕಿ ನೋಡಿ."

ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಯಿಯೇ ಅವಳ ನಾದಿನಿ. ಈಗ ನೆನೆದರೆ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ.

ಅಂಗಡಿಯವರು ಒಂದೊಂದೇ ಸೀರೆಯನ್ನು ಬಿಡಿಸಿ ಆಯಿಯ ಹೆಗಲಿಗೆ ಹಾಕುತ್ತಾ ಹೋದರು. ಆಯಿ ಮರದ ಹಾಗೆ ನಿಂತಿದ್ದಳು. ಐದೋ ಆರೋ ಆದ ಮೇಲೆ ಗಿಳಿಹಸಿರಿನದೊಂದು ಬಂತು, ಕೆಂಪು ಅಂಚಿನದು. ಅದು ಹೆಗಲ ಮೇಲೆ ಬಿದ್ದದ್ದೇ ಆಯಿ ಕನ್ನಡಿಯತ್ತ ಅರ್ಧ ಹೆಜ್ಜೆ ಹೋದಳು. ಸೆರಗನ್ನು ತಾನೇ ಸರಿಮಾಡಿಕೊಂಡಳು. ಕತ್ತು ಸ್ವಲ್ಪ ಓರೆ ಮಾಡಿ ತನ್ನನ್ನೇ ನೋಡಿಕೊಂಡು ನಕ್ಕಳು. ಅಷ್ಟು ಚೆಂದದ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ನಗು ನನಗಾಗಿ ಬಂದದ್ದಲ್ಲ ಎಂದೂ ತಿಳಿಯಿತು.

"ಎರಡನೇ ಸಲದ್ದಲ್ದ, ಅಷ್ಟೆಲ್ಲ ಎದ್ದು ಕಾಣದು ಬ್ಯಾಡ," ಎಂದು ಅತ್ತೆ ದನಿ ತಗ್ಗಿಸಿ ಹೇಳಿ, ಕಾಫಿಪುಡಿ ಬಣ್ಣದ ಇನ್ನೊಂದನ್ನು ಮುಂದೆ ದೂಡಿದಳು. "ಇದು ಗಂಭೀರ ಇದ್ದು."

ಆಯಿ ನನ್ನತ್ತ ತಿರುಗಿದಳು. "ನಿಂಗೆ ಯಾವ್ದು ಚೊಲೊ ಕಾಣ್ತು? ನೀ ಹೇಳಿದ್ದೇ ತಗತ್ತೆ."

"ಅದು," ಎಂದು ಕಾಫಿಪುಡಿಯದನ್ನು ತೋರಿಸಿದೆ. "ಹಸ್ರು ನಿಂಗೆ ಒಪ್ತಿಲ್ಲೆ."

ಆಯಿ ಹಸಿರು ಸೀರೆಯನ್ನು ತಾನೇ ಮಡಚಿದಳು. ಅಂಚಿಗೆ ಅಂಚು ಕೂಡಿಸಿ, ಮನೆಯ ಸೀರೆಯೆಂಬಂತೆ ಒಪ್ಪವಾಗಿ ಮಡಚಿ ಅಂಗಡಿಯವರ ಕೈಗೆ ಕೊಟ್ಟಳು. ಆಮೇಲೆ ನನಗೆ ಮಸಾಲೆ ದೋಸೆ ಕೊಡಿಸಿದಳು. ಪೂರ್ತಿ ತಿಂದೆ. ರುಚಿ ಹೇಗಿತ್ತು ಎಂದು ಅಂದೇ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ.

ಮದುವೆಯಲ್ಲಿ ಆ ಬಣ್ಣಕ್ಕೆ ಅವಳ ಮುಖ ಮಂಕಾಗಿ, ಜ್ವರದಿಂದ ಎದ್ದು ಬಂದವಳಂತೆ ಕಂಡಳು. ನೆಂಟರು ಅದನ್ನೂ ಹೇಳಿಕೊಂಡರು, "ಕೂಸು ಹುಷಾರಿದ್ದು, ಅಳತಿಲ್ಲೆ" ಎಂದು ನನ್ನನ್ನೂ ಹೊಗಳಿದರು. ಅಳು ಬಂದಿದ್ದರೆ ಅಳುತ್ತಿದ್ದೆ.

ಮುಂದೆ ಪ್ರತಿ ರಜೆಯಲ್ಲೂ ವಾನಳ್ಳಿಗೆ ಹೋದೆ, ನೆಂಟರ ಹಾಗೆ. ಆಯಿಯ ಗಂಡ ಒಳ್ಳೆಯವರು. ನನಗೆಂದೇ ಒಂದು ಕೋಣೆ ಬಿಟ್ಟುಕೊಟ್ಟರು. ನಾನು ಬಟ್ಟೆಯ ಚೀಲವನ್ನು ಎಂದೂ ಬಿಚ್ಚಿಡಲಿಲ್ಲ.

ಹೋದ ಬೇಸಿಗೆಯಲ್ಲಿ ಆಯಿಯ ಜೊತೆ ಹಲಸಿನ ಹಪ್ಪಳ ಒತ್ತುತ್ತಾ ಕೂತಾಗ ಹೇಳಿಬಿಟ್ಟೆ. ಅಂದು ಹಸಿರೇ ಒಪ್ಪಿತ್ತು, ಬೇಕೆಂದೇ ಸುಳ್ಳು ಹೇಳಿದೆ ಎಂದೆ.

"ಗೊತ್ತಿತ್ತು," ಎಂದಳು, ಹಪ್ಪಳದಿಂದ ಕಣ್ಣು ತೆಗೆಯದೆ.

"ಮತ್ತೆ ಎಂತಕ್ಕೆ ತಗಂಡೆ?"

"ಒಂದ್ ತಿಂಗ್ಳಿಂದ ನೀ ಎನ್ನ ಹತ್ರ ಮಾತಾಡಿದ್ದು ಅದೊಂದೇಯ. ಅದನ್ನ ಹೆಂಗೆ ತೆಗೆದು ಹಾಕದು?"

ಆಮೇಲೆ ನಾವು ಎಷ್ಟೋ ಹಪ್ಪಳ ಒತ್ತಿದೆವು.

ನನಗೀಗ ಇಪ್ಪತ್ತೊಂಬತ್ತು ವರ್ಷ. ಅಂದು ಆ ಅಂಗಡಿಯಲ್ಲಿ ನಿಂತಿದ್ದ ಆಯಿಗೂ ಅಷ್ಟೇ ಆಗಿತ್ತು. ನನ್ನ ಗೆಳತಿಯರು ಈ ವಯಸ್ಸಿನಲ್ಲಿ ಮದುವೆಗೆ ಇನ್ನೂ ಅವಸರವಿಲ್ಲ ಎನ್ನುತ್ತಾರೆ. ನಾವು ಅವಳನ್ನು ಬಾಳು ಮುಗಿದವಳಂತೆ ನಡೆಸಿಕೊಂಡೆವು, ಮದುಮಗಳು ಇವಳೇ ಎಂದು ಅಂಗಡಿಯವರಿಗೂ ಹೇಳಲಿಲ್ಲ. ಚೆಂದ ಕಾಣುತ್ತೀ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಕೇಳಿದ್ದು ನನ್ನೊಬ್ಬಳನ್ನೇ.