ಅಮ್ಮ ಕಾಲಿಡದ ನೆಲ

ಇಂಗ್ಲೆಂಡಿನ ಸಣ್ಣ ಊರೊಂದರ ಹಳೆಯ ಚರ್ಚಿನೊಳಗೆ ಎರಡು ಹೆಜ್ಜೆ ಇಟ್ಟ ಅಮ್ಮ ತಟ್ಟನೆ ನಿಂತುಬಿಟ್ಟಳು. ನಾನು ಬೇಡವೆಂದರೂ ಕೇಳದೆ ಶೂ ಬಾಗಿಲಲ್ಲೇ ಬಿಟ್ಟು, ಬರೀ ಸಾಕ್ಸಿನಲ್ಲಿ ಬಂದಿದ್ದಳು. ನೆಲಕ್ಕೆ ಹಾಸಿದ ಕಲ್ಲುಗಳ ಮೇಲೆಲ್ಲ ಹೆಸರು ಕೊರೆದಿತ್ತು. ಕೆಳಗೆ ಸಮಾಧಿಗಳಿವೆ ಎಂದೆ. ಅಮ್ಮ ಗೋಡೆಗೆ ಅಂಟಿಕೊಂಡಳು.

ಚರ್ಚ್ ನೋಡಿಕೊಳ್ಳುವ ಅಜ್ಜಿ ನಕ್ಕು, ನೂರಾರು ವರ್ಷಗಳಿಂದ ಎಲ್ಲರೂ ಇದನ್ನು ತುಳಿದುಕೊಂಡೇ ಓಡಾಡುತ್ತಾರೆ, ಬನ್ನಿ ಎಂದರು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ತುಳಿದ್ರೂ ಹೆಸರಾದ್ರೂ ಉಳಿದಿದೆಯಲ್ಲೇ. ನಿಮ್ಮಪ್ಪಂಗೆ ಅದೂ ಇಲ್ಲ," ಎಂದಳು.

ಹಿಂದಿನ ವರ್ಷ ಅಪ್ಪ ನ್ಯೂಜೆರ್ಸಿಯ ಸಮರ್‌ಸೆಟ್‌ನ ನಮ್ಮ ಮನೆಯಲ್ಲಿ ತೀರಿಕೊಂಡಾಗ, ಅಸ್ಥಿಯನ್ನು ಅಲ್ಲಿಯ ಸಮುದ್ರದಲ್ಲೇ ಬಿಟ್ಟಿದ್ದೆವು. ಊರಿಗೆ ಒಯ್ಯೋಣವೆಂದು ಅಮ್ಮ ಆಗ ಒಂದು ಸಲ ಹೇಳಿ ಸುಮ್ಮನಾಗಿದ್ದಳು.

ಇಂಗ್ಲೆಂಡ್ ಪ್ರವಾಸದಿಂದ ಮನೆಗೆ ಮರಳಿದ ಮೇಲೆ ಒಂದು ಭಾನುವಾರ, ಅಪ್ಪನ ಅಸ್ಥಿ ಬಿಟ್ಟಿದ್ದ ಅದೇ ಬೀಚಿಗೆ ಹೋದೆವು. ಮೊದಲೆಲ್ಲ ಸೀರೆ ಎತ್ತಿ ಹಿಡಿದು ನೀರಿಗಿಳಿಯುತ್ತಿದ್ದ ಅಮ್ಮ, ಅಂದು ಅಲೆ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು. "ಬಾಮ್ಮ, ಕಾಲು ನೆನೆಸ್ಕೋ," ಎಂದು ಕರೆದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮೊಣಕಾಲವರೆಗೆ ನೀರಲ್ಲಿ ನಿಂತಿದ್ದ ನಾನು ಮೆಲ್ಲನೆ ದಡಕ್ಕೆ ಬಂದೆ.