ಹಣ್ಣಾಗದ ಹುಳ

ಹುಳ ಇವತ್ತಾದರೂ ಹಣ್ಣಾದವೋ ಇಲ್ಲವೋ? ಮಗುವಿಗೆ ಹಾಲು ಕೊಡುವಾಗಲೂ ಶಾಮಲಳಿಗೆ ಅದೇ ಕೊರೆತ. ಟೇಕಲ್ ಸುತ್ತಮುತ್ತ ಎಲ್ಲರ ಮನೆಯ ರೇಷ್ಮೆ ಹುಳವೂ ಮೇವು ಬಿಟ್ಟು, ಮೈ ತಿಳಿಯಾಗಿ ಹಣ್ಣಾಗಿ, ಗೂಡು ಕಟ್ಟಲು ಬಿದಿರುತಟ್ಟಿಯ ಚಂದ್ರಿಕೆ ಸೇರಿದ್ದವು. ಇವರ ಮನೆಯವು ಮಾತ್ರ ಬೆರಳುಗಾತ್ರ ಊದಿಕೊಂಡು ಇನ್ನೂ ಮೇಯುತ್ತಲೇ ಇದ್ದವು. ತೋಟದ ಹಿಪ್ಪುನೇರಳೆ ಬೋಳಾಗುತ್ತ ಬಂದಿತ್ತು.

"ನಿನ್ ಕೂಸಿನ ಪೌಡರ್ ವಾಸನೆಗೇ ಹಿಂಗಾಗಿರೋದು," ಅಂದಳು ಅತ್ತೆ ಮುನಿಗಂಗಮ್ಮ. "ಈ ಬೆಳೆ ಏನಾದ್ರೂ ಹಾಳಾಯ್ತೋ, ನೀನೂ ನಿನ್ ಕೂಸೂ ಬೆಂಗಳೂರಿಗೆ ಗಂಟು ಕಟ್ಟಿ. ತಿರುಗಿ ಬರೋ ಹಂಗಿಲ್ಲ."

ಬಾಣಂತಿ ಹುಳದ ಮನೆ ಹೊಸಿಲು ದಾಟಬಾರದು, ಹೊರಗಿನವರ ಮುಂದೆ ಹುಳದ ಸುದ್ದಿ ಎತ್ತಬಾರದು. ಚಾಮರಾಜಪೇಟೆಯಲ್ಲಿ ಬೆಳೆದು, ಪ್ರಾಣಿಶಾಸ್ತ್ರ ಓದಿ, ೧೯೮೨ರಲ್ಲಿ ಈ ಮನೆಗೆ ಸೊಸೆಯಾಗಿ ಬಂದ ಶಾಮಲ ಅತ್ತೆಯ ಈ ಎರಡು ಕಟ್ಟಳೆಯನ್ನೂ ನುಂಗಿಕೊಂಡಿದ್ದಳು. ಆದರೆ ಮೈದುನ ಕದಿರೇಶ ಶ್ರೀನಿವಾಸಪುರದ ಸಂತೆಯಿಂದ ತಂದ ಔಷಧಿಯನ್ನು ಸೊಪ್ಪಿಗೆ ಚಿಮುಕಿಸುವುದನ್ನು ಕಿಟಕಿಯಿಂದ ಕಂಡಿದ್ದಳು. ಒಂದೇ ಸಲ ಕೊಡಬೇಕು, ಹುಳ ಇನ್ನಷ್ಟು ಮೇದು ದಪ್ಪ ಗೂಡು ಕಟ್ಟುತ್ತೆ ಅಂತ ಮಾರಿದವನು ಹೇಳಿದ್ದನಂತೆ. ಇವನು ದಿನಾ ಕೊಟ್ಟ.

"ಅದು ಹುಳದ ಎಳೆತನ ಹಿಡಿದಿಡೋ ರಸ ಕಣಪ್ಪ," ಅಂದಳು ಶಾಮಲ. "ಹುಳದ ಮೈಯಲ್ಲೂ ಹುಟ್ಟುತ್ತೆ. ಮುಂದೆ ಏನಾಗಬೇಕು ಅನ್ನೋ ಆಜ್ಞೆ ಅದರ ಜೀವಕೋಶಕ್ಕೆ ಮೊದಲೇ ಬಂದು ಕೂತಿರುತ್ತಂತೆ. ಆದರೆ ಈ ರಸ ಇಳಿಯೋವರೆಗೂ ಅದನ್ನ ಓದಿ ನಡೆಸೋ ಕೆಲಸ ಶುರುವಾಗಲ್ಲ. ನೀನು ಇಳಿಯೋಕೇ ಬಿಡ್ತಿಲ್ವಲ್ಲ!"

"ಹುಳಾನೂ ಓದುತ್ತಾ ಅತ್ತಿಗೆ? ಯಾವ ಕಾಲೇಜು?" ಕದಿರೇಶ ಹಲ್ಲು ಕಿರಿದ.

"ಚಾಲ್ಲೇ, ಸಾಕ್ಮಾಡು ನಿನ್ ಪಾಠ!" ಅತ್ತೆ ಸೀಸೆಯನ್ನು ತಾನೇ ಎತ್ತಿ ಮಗನ ಕೈಗಿಟ್ಟಳು. "ಹೊಡಿಯೋ ನೀನು. ಇವಳಪ್ಪ ಸಾಕಿದ್ನಾ ಹುಳ?"

ಗಂಡ ಶ್ರೀರಾಮಪ್ಪ ಬುಟ್ಟಿ ಎತ್ತಿಕೊಂಡು ತಲೆ ತಗ್ಗಿಸಿ ತೋಟದ ಕಡೆ ಹೊರಟೇಬಿಟ್ಟ.

ರೇಷ್ಮೆ ಇಲಾಖೆಯವರನ್ನು ಕರೆಸಿದರೆ ಮನೆಯ ಮಾನ ಬೀದಿಗೆ. ಕರೆಸದಿದ್ದರೆ ತಾನೇ ಬೀದಿಗೆ. ಶಾಮಲ ಮಗುವನ್ನು ಕಂಕುಳಿಗೇರಿಸಿಕೊಂಡು ಟೇಕಲ್ಲಿನ ಅಂಚೆ ಕಚೇರಿಗೆ ನಡೆದಳು. ಪೋಸ್ಟ್ ಮಾಸ್ಟರು ಮಾಲೂರಿಗೆ ಲೈನ್ ಹಿಡಿದುಕೊಟ್ಟರು. ಬೆಂಚಿನ ಮೇಲಿದ್ದ ಊರಿನ ಇಬ್ಬರು ಮಾತು ನಿಲ್ಲಿಸಿದರು.

"ರೇಷ್ಮೆ ಆಫೀಸಾ ಸಾರ್? ಮುನಿಗಂಗಮ್ಮನವರ ಸೊಸೆ ಮಾತಾಡ್ತಿದೀನಿ. ನಮ್ಮ ಹುಳ ಹಣ್ಣಾಗ್ತಿಲ್ಲ. ಗೂಡು ದಪ್ಪಗಾಗೋ ಔಷಧಿ ದಿನಾ ಹೊಡೆದಿದಾರೆ."

"ಯಾರಮ್ಮ ಹೊಡೆದಿದ್ದು?"

ಬೆಂಚಿನವರು ಕತ್ತು ಚಾಚಿದರು. ಮಗು ರಚ್ಚೆ ಹಿಡಿಯಿತು.

"ನಮ್ಮ ಮೈದುನ, ಕದಿರೇಶ. ಹೊಡೆಸಿದ್ದು ನಮ್ಮತ್ತೆ," ಅಂದಳು ಎಲ್ಲರಿಗೂ ಕೇಳುವ ಹಾಗೆ. "ಇವತ್ತೇ ಬನ್ನಿ ಸಾರ್. ಮನೇಲಿ ಬೈದು ಕಳಿಸೋಕೆ ನೋಡ್ತಾರೆ, ವಾಪಸ್ ಹೋಗ್ಬೇಡಿ."