ಫ್ರಾಕಿನ ಜೇಬು

ಬಾಯಿ ಜೋರಿನ ಟೈಲರಮ್ಮ ಬೆಳೆದದ್ದು ಚರ್ಚಿನ ಅನಾಥಾಲಯದಲ್ಲಿ. ಈಗ ಬಸ್‌ಸ್ಟ್ಯಾಂಡಿನ ಹಿಂದಿನ ಪುಟ್ಟ ಕೋಣೆಯಲ್ಲಿ ಅವಳಿಗೆ ಜೊತೆಯೆಂದರೆ ಹೊಲಿಗೆ ಮಷೀನು ಮಾತ್ರ. ಗಿರಾಕಿಗಳ ಕೆಲಸ ಮುಗಿಸಿ, ಅನಾಥಾಲಯದ ಹುಡುಗಿಯರಿಗೆ ಪುಕ್ಕಟೆ ಫ್ರಾಕು ಹೊಲಿಯುತ್ತಾಳೆ. ಒಂದೊಂದಕ್ಕೂ ಎರಡು ಜೇಬು.

“ಜೇಬು ಯಾಕಮ್ಮಾ, ಬಟ್ಟೆ ದಂಡ. ಇಟ್ಕೊಳ್ಳೋಕೆ ಆ ಮಕ್ಕಳ ಹತ್ರ ಏನಿದೆ?” ಎಂದರು ಪಾದ್ರಿಗಳು.

“ಕೈ ಇದೆಯಲ್ಲ ಫಾದರ್!” ಟೈಲರಮ್ಮ ಸಿಡುಕಿದಳು. “ಹಿಡ್ಕೊಳ್ಳೋರು ಇಲ್ದಿದ್ರೆ ಅದನ್ನ ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಾಗಲ್ಲ.”

ಭಾನುವಾರ ಪ್ರಾರ್ಥನೆ ಮುಗಿಯಿತು. ಹುಡುಗಿಯರು ಹೊಸ ಜೇಬುಗಳಲ್ಲಿ ಕೈಯಿಟ್ಟುಕೊಂಡು ಸಾಲಾಗಿ ಹೊರಟರು. ಟೈಲರಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಬ್ಬಳೇ ಮನೆಯತ್ತ ನಡೆದಳು. ತನಗೂ ಒಂದು ಜೇಬು ಹೊಲಿದುಕೊಳ್ಳಬಹುದೆಂದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ.